ಎಲ್ಲವೂ ಯುಟಿಸಿಯಲ್ಲಿರಲಿ ಎಂಬ ಅರೆಸತ್ಯ

ಜಾವಾ ಪ್ರೋಗ್ರಾಮರುಗಳ ನಡುವೆ ಮಂತ್ರದಂತೆ ಬಾಯಿಂದ ಬಾಯಿಗೆ ಸಾಗಿಬಂದ ಒಂದು ಸೂತ್ರವಿದೆ: ಸಮಯವನ್ನು ಯಾವಾಗಲೂ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ) ಉಳಿಸಿ, ಪರದೆಯ ಮೇಲೆ ತೋರಿಸುವಾಗ ಮಾತ್ರ ಬಳಕೆದಾರರ ಕಾಲವಲಯಕ್ಕೆ ಬದಲಿಸಿ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಹಿರಿಯರು ಇದನ್ನೇ ದಾಟಿಸುತ್ತಾರೆ. ಸಂದರ್ಶನದಲ್ಲಿ ಕೇಳಿದರೆ ಇದೇ ಸರಿಯುತ್ತರ. ಕೋಡ್ ಪರಿಶೀಲಿಸುವಾಗ ಇದನ್ನು ಮೀರಿದ ಸಾಲು ಕಂಡರೆ ತಿದ್ದಲು ಹೇಳುತ್ತಾರೆ. ಸೂತ್ರ ಸುಳ್ಳಲ್ಲ, ಸುಳ್ಳಾಗಿದ್ದರೆ ಇಷ್ಟು ವರ್ಷ ಬಾಳುತ್ತಿರಲಿಲ್ಲ. ಸಮಯದ ಒಂದು ಬಗೆಗೆ ಒಪ್ಪುವ ನಿಯಮವನ್ನು ಎಲ್ಲ ಬಗೆಗಳಿಗೂ ಹೊದಿಸಿದ್ದರಿಂದ ಅದು ಅರೆಸತ್ಯವಾಗಿದೆ. ಅರೆಸತ್ಯ ಪೂರ್ತಿ ಸುಳ್ಳಿಗಿಂತ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಅದನ್ನು ಪಾಲಿಸಿದವರು ತಮ್ಮ ಕೆಲಸ ಮುಗಿಯಿತೆಂದು ನಂಬಿ ಯೋಚಿಸುವುದನ್ನೇ ನಿಲ್ಲಿಸುತ್ತಾರೆ. ನನ್ನ ವಾದ ಇಷ್ಟು: ಆಗಿಹೋದ ಘಟನೆಯ ಕ್ಷಣಕ್ಕೆ ಯುಟಿಸಿ ಸರಿ, ಗಡಿಯಾರವನ್ನು ನಂಬಿ ಜನ ಮಾಡಿಕೊಂಡ ಮುಂದಿನ ಒಪ್ಪಂದಕ್ಕೆ ಅದು ತಪ್ಪು, ಗಂಟೆಯ ಹಂಗಿಲ್ಲದ ಬರಿಯ ದಿನಾಂಕಕ್ಕೆ ಅದು ಸಂಬಂಧವೇ ಇಲ್ಲದ್ದು. ಈ ಮೂರನ್ನು ಬೇರೆ ಮಾಡದೆ ಕಾಲವಲಯದ ಯಾವ ಸಮಸ್ಯೆಯೂ ಬಗೆಹರಿಯುವುದಿಲ್ಲ.

ಮೊದಲು ಸೂತ್ರಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಅದು ಹುಟ್ಟಿದ್ದು ನಿಜವಾದ ಸಂಕಟದಿಂದ. ಸರ್ವರುಗಳು ತಾವಿರುವ ಊರಿನ ಗಡಿಯಾರದ ಪ್ರಕಾರ ದಾಖಲೆ ಬರೆಯುತ್ತಿದ್ದಾಗ, ಬೇಸಿಗೆ ಸಮಯ (ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಪದ್ಧತಿ) ಮುಗಿಯುವ ರಾತ್ರಿ ಒಂದು ಗಂಟೆಯಷ್ಟು ಅವಧಿ ಎರಡು ಸಲ ಬರುತ್ತಿತ್ತು. ಯಾವ ವ್ಯವಹಾರ ಮೊದಲು ನಡೆಯಿತು, ಯಾವುದು ನಂತರ ಎಂದು ಹೇಳಲು ದಾರಿಯೇ ಇರಲಿಲ್ಲ. ಎರಡು ಖಂಡಗಳ ಸರ್ವರುಗಳ ದಾಖಲೆಗಳನ್ನು ಒಟ್ಟಿಗಿಟ್ಟರೆ ಕಾರಣಕ್ಕಿಂತ ಪರಿಣಾಮ ಮೊದಲು ಕಾಣಿಸುತ್ತಿತ್ತು. ಜಾವಾದ ಹಳೆಯ ಡೇಟ್ ವರ್ಗವೂ ಗೊಂದಲಕ್ಕೆ ಕೈಜೋಡಿಸಿತು. ಅದರ ಒಳಗಿರುವುದು 1970ರ ಜನವರಿ 1ರ ಯುಟಿಸಿ ಮಧ್ಯರಾತ್ರಿಯಿಂದ ಎಣಿಸಿದ ಮಿಲಿಸೆಕೆಂಡುಗಳ ಒಂದು ಸಂಖ್ಯೆ ಮಾತ್ರ. ಆದರೆ ಅದನ್ನು ಮುದ್ರಿಸಿದರೆ ಜಾವಾ ಓಡುತ್ತಿರುವ ಯಂತ್ರದ ಕಾಲವಲಯಕ್ಕೆ ಬದಲಾಗಿ ಕಾಣಿಸುತ್ತದೆ. ಹಾಗಾಗಿ ಆ ವಸ್ತುವಿನೊಳಗೇ ಕಾಲವಲಯವಿದೆ ಎಂದು ಅನೇಕರು ನಂಬಿದರು. ಅಜ್ಞಾತ ಹೆಸರು ಕೊಟ್ಟರೆ ಹಳೆಯ ಟೈಮ್‌ಝೋನ್ ವರ್ಗ ದೋಷವನ್ನೇ ಹೇಳದೆ ಜಿಎಂಟಿಯನ್ನು ಕೈಗಿಡುತ್ತದೆ. ಅಕ್ಷರ ತಪ್ಪಿದರೂ ಪ್ರೋಗ್ರಾಮು ಓಡುತ್ತದೆ, ತಪ್ಪಾಗಿ ಓಡುತ್ತದೆ. ಇಂಥ ಪರಿಸರದಲ್ಲಿ ಎಲ್ಲರೂ ಒಂದೇ ಅಳತೆಗೋಲಿಗೆ ಬನ್ನಿ ಎಂಬ ಕರೆ ದೊಡ್ಡ ಸುಧಾರಣೆಯೇ ಆಗಿತ್ತು. ಹೋಲಿಕೆ, ವಿಂಗಡಣೆ, ಅವಧಿಯ ಲೆಕ್ಕ ಎಲ್ಲವೂ ಒಂದೇ ಏಟಿಗೆ ಸರಳವಾದವು. ಇದನ್ನು ಅಲ್ಲಗಳೆಯಲಾಗದು, ಅಲ್ಲಗಳೆಯಬೇಕಾಗಿಯೂ ಇಲ್ಲ.

ತೊಡಕು ಆರಂಭವಾಗುವುದು ‘ಯುಟಿಸಿಯಲ್ಲಿ ಉಳಿಸಿ’ ಎಂಬ ಮಾತಿನೊಳಗೆ ಎರಡು ಬೇರೆ ಬೇರೆ ಕ್ರಿಯೆಗಳು ಅಡಗಿರುವುದರಿಂದ. ಹಣ ಪಾವತಿಯಾದ ಗಳಿಗೆಯಲ್ಲಿ ಯಂತ್ರದ ಗಡಿಯಾರವನ್ನು ಓದಿ ಬರೆದಿಡುವುದು ಒಂದು ಕ್ರಿಯೆ. ಇಲ್ಲಿ ಬದಲಾವಣೆಯೇ ಇಲ್ಲ. ಕ್ಷಣ ಕ್ಷಣವಾಗಿಯೇ ಸಿಕ್ಕಿದೆ, ಕ್ಷಣವಾಗಿಯೇ ಉಳಿಯುತ್ತದೆ. ‘ಮಾರ್ಚ್ 15ರ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ’ ಎಂದು ಒಬ್ಬರು ಬರೆದದ್ದನ್ನು ಯುಟಿಸಿಗೆ ಬದಲಿಸಿ ಇಡುವುದು ಇನ್ನೊಂದು ಕ್ರಿಯೆ. ಇಲ್ಲಿ ನಮಗೆ ಸಿಕ್ಕಿದ್ದು ಕ್ಷಣವಲ್ಲ, ಗಡಿಯಾರದ ಮುಖ. ಅದನ್ನು ಕ್ಷಣವನ್ನಾಗಿಸಲು ಒಂದು ನಿಯಮ ಬೇಕು, ಆ ನಿಯಮ ಒಂದು ಸರ್ಕಾರದ ಕೈಯಲ್ಲಿದೆ. ಎರಡು ದಿಕ್ಕುಗಳ ಲೆಕ್ಕವೂ ಒಂದೇ ತೆರನಲ್ಲ. ಕ್ಷಣದಿಂದ ಸ್ಥಳೀಯ ಸಮಯಕ್ಕೆ ಹೋದರೆ ಉತ್ತರ ಯಾವಾಗಲೂ ಒಂದೇ. ಸ್ಥಳೀಯ ಸಮಯದಿಂದ ಕ್ಷಣಕ್ಕೆ ಹೋದರೆ ಉತ್ತರ ಒಂದಿರಬಹುದು, ಎರಡಿರಬಹುದು, ಇಲ್ಲದೆಯೂ ಇರಬಹುದು. ನ್ಯೂಯಾರ್ಕಿನಲ್ಲಿ 2024ರ ಮಾರ್ಚ್ 10ರ ರಾತ್ರಿ ಎರಡು ಗಂಟೆಯಾಗುತ್ತಿದ್ದಂತೆ ಗಡಿಯಾರ ಮೂರಕ್ಕೆ ಜಿಗಿಯಿತು. ಆ ದಿನ ಎರಡೂವರೆ ಗಂಟೆ ಎಂಬುದೇ ಇರಲಿಲ್ಲ. ಅದೇ ವರ್ಷದ ನವೆಂಬರ್ 3ರಂದು ಒಂದೂವರೆ ಗಂಟೆ ಎರಡು ಸಲ ಬಂತು. ಜಾವಾದ ಝೋನ್ಡ್‌ಡೇಟ್‌ಟೈಮ್ ಇದಕ್ಕೊಂದು ನೀತಿ ಇಟ್ಟುಕೊಂಡಿದೆ. ಇಲ್ಲದ ಎರಡೂವರೆಯನ್ನು ಕೇಳಿದರೆ ಅಂತರದಷ್ಟು ಮುಂದೂಡಿ ಮೂರೂವರೆ ಎನ್ನುತ್ತದೆ. ಎರಡು ಸಲ ಬರುವ ಒಂದೂವರೆಯನ್ನು ಕೇಳಿದರೆ ಮೊದಲನೆಯದನ್ನು ಆರಿಸುತ್ತದೆ. ಎರಡನೆಯದು ಬೇಕೆಂದರೆ ಅದಕ್ಕೂ ಪ್ರತ್ಯೇಕ ವಿಧಾನವಿದೆ. ನೀತಿ ಒಳ್ಳೆಯದೇ ಇರಬಹುದು. ಆದರೆ ಅದು ನೀತಿ, ಗಣಿತವಲ್ಲ. ಯುಟಿಸಿ ಅಂಕಣದಲ್ಲಿ ಫಲಿತಾಂಶವನ್ನಷ್ಟೇ ಬರೆದಿಟ್ಟರೆ ಬಳಕೆದಾರ ಕೇಳಿದ್ದೇನು, ನಾವು ಅವನ ಪರವಾಗಿ ನಿರ್ಧರಿಸಿದ್ದೇನು ಎಂಬ ಎರಡರ ಗುರುತೂ ಅಳಿಸಿಹೋಗುತ್ತದೆ.

ಇದಕ್ಕಿಂತ ಗಂಭೀರವಾದ ಸಂಗತಿ, ಮುಂದಿನ ದಿನಗಳ ನಿಯಮ ಇನ್ನೂ ನಿಗದಿಯಾಗಿರುವುದಿಲ್ಲ ಎಂಬುದು. ಕಾಲವಲಯ ಭೂಗೋಳದ ಸಂಗತಿಯಂತೆ ಕಂಡರೂ ಅದು ಕಾನೂನು. ಮೊರಾಕ್ಕೊ ದೇಶ 2018ರ ಅಕ್ಟೋಬರ್ 28ರಂದು ಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಕಿತ್ತು. ಎರಡೇ ದಿನ ಮೊದಲು, ತಿರುಗಿಸುವುದಿಲ್ಲ ಎಂದು ಸರ್ಕಾರ ತೀರ್ಮಾನಿಸಿತು. ಟರ್ಕಿ 2016ರ ಸೆಪ್ಟೆಂಬರಿನಲ್ಲಿ ಬೇಸಿಗೆ ಸಮಯವನ್ನೇ ಕಾಯಂ ಮಾಡಿತು. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗಕ್ಕೆ ಬೇಸಿಗೆ ಸಮಯವನ್ನು ರದ್ದುಮಾಡಿದರೆ, ಈಜಿಪ್ಟ್ 2023ರಲ್ಲಿ ಅದನ್ನು ಮರಳಿ ತಂದಿತು. ಲೆಬನಾನಿನ ಪ್ರಸಂಗವಂತೂ ಪಾಠದಂತಿದೆ. 2023ರ ಮಾರ್ಚ್ 26ರಂದು ಆರಂಭವಾಗಬೇಕಿದ್ದ ಬೇಸಿಗೆ ಸಮಯವನ್ನು ಮುಂದೂಡುವುದಾಗಿ ಸರ್ಕಾರ ಮೂರು ದಿನ ಮೊದಲು ಪ್ರಕಟಿಸಿತು. ಹಲವು ಸಂಸ್ಥೆಗಳು ಒಪ್ಪಲಿಲ್ಲ. ಒಂದೇ ಊರಿನಲ್ಲಿ ಎರಡು ಸಮಯ ನಡೆಯಿತು. ಕೆಲವೇ ದಿನಗಳಲ್ಲಿ ಸರ್ಕಾರ ಆದೇಶ ಹಿಂಪಡೆಯಿತು. ಜಗತ್ತಿನ ಅಸಂಖ್ಯ ಕಂಪ್ಯೂಟರುಗಳು ನೆಚ್ಚಿಕೊಂಡಿರುವ ಕಾಲವಲಯ ದತ್ತಸಂಚಯ, ಅಂದರೆ ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿ ಪಾಲ್ ಎಗರ್ಟ್ ಮುನ್ನಡೆಸುತ್ತಿರುವ ಸಂಗ್ರಹ, ಆ ವಾರ 2023ಬಿ ಆವೃತ್ತಿಯಲ್ಲಿ ಹೊಸ ಆದೇಶವನ್ನು ಸೇರಿಸಿ, 2023ಸಿ ಆವೃತ್ತಿಯಲ್ಲಿ ಅದನ್ನು ತೆಗೆಯಬೇಕಾಯಿತು. ಈ ಎರಡು ಆವೃತ್ತಿಗಳ ನಡುವೆ ಬೇರೂತಿನ ಭೇಟಿಯೊಂದನ್ನು ಯುಟಿಸಿಗೆ ಬದಲಿಸಿ ಉಳಿಸಿದ ಪ್ರೋಗ್ರಾಮು ಇನ್ನೆಂದೂ ಜಾರಿಯಲ್ಲಿರದ ನಿಯಮವೊಂದನ್ನು ತನ್ನ ದತ್ತಾಂಶದೊಳಗೆ ಶಾಶ್ವತವಾಗಿ ಹೂತಿಟ್ಟಂತಾಯಿತು.

ಪರಿಣಾಮ ಹೇಗಿರುತ್ತದೆಂದು ಒಂದು ಲೆಕ್ಕದಿಂದ ನೋಡಬಹುದು. ಕಝಾಕಸ್ತಾನ 2024ರ ಮಾರ್ಚ್ 1ರಂದು ಇಡೀ ದೇಶವನ್ನು ಯುಟಿಸಿಗಿಂತ ಐದು ಗಂಟೆ ಮುಂದಿರುವ ಒಂದೇ ಸಮಯಕ್ಕೆ ತಂದಿತು. ಅದಕ್ಕೆ ಮೊದಲು ಅಲ್ಮಾಟಿ ನಗರ ಆರು ಗಂಟೆ ಮುಂದಿತ್ತು. ಹಿಂದಿನ ವರ್ಷದ ಕೊನೆಯಲ್ಲಿ ಅಲ್ಲಿನ ಒಬ್ಬ ರೋಗಿ ಮಾರ್ಚ್ 15ರ ಬೆಳಿಗ್ಗೆ ಹತ್ತಕ್ಕೆ ವೈದ್ಯರ ಭೇಟಿ ಗೊತ್ತುಮಾಡಿಕೊಂಡರೆಂದು ಇಟ್ಟುಕೊಳ್ಳೋಣ. ಸೂತ್ರ ಪಾಲಿಸಿದ ಪ್ರೋಗ್ರಾಮು ಅದನ್ನು ಯುಟಿಸಿ ನಾಲ್ಕು ಗಂಟೆ ಎಂದು ಬರೆದಿಡುತ್ತದೆ. ಮಾರ್ಚ್ ಬಂದಾಗ ಹೊಸ ನಿಯಮದ ಪ್ರಕಾರ ಅದೇ ಸಂಖ್ಯೆ ಒಂಬತ್ತು ಗಂಟೆಯೆಂದು ತೋರುತ್ತದೆ. ವೈದ್ಯರು ಹತ್ತಕ್ಕೇ ಬರುತ್ತಾರೆ, ಏಕೆಂದರೆ ಆಸ್ಪತ್ರೆಯ ಬಾಗಿಲು ತೆರೆಯುವುದು ಊರಿನ ಗಡಿಯಾರಕ್ಕೆ ಅನುಗುಣವಾಗಿ. ಇಲ್ಲಿ ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಕಾಲವಲಯದ ದತ್ತಾಂಶವೂ ಹಳತಲ್ಲ, ಲೆಕ್ಕ ಪ್ರತಿ ಹೆಜ್ಜೆಯಲ್ಲೂ ಸರಿಯಾಗಿದೆ. ಆದರೂ ಉತ್ತರ ತಪ್ಪು. ಮೂಲ ಮಾತಾದ ‘ಅಲ್ಮಾಟಿಯ ಹತ್ತು ಗಂಟೆ’ಯನ್ನು ಬಿಸುಟು, ಅಂದಿನ ನಿಯಮದ ಪ್ರಕಾರ ಅದರಿಂದ ಪಡೆದ ಉಪಫಲವನ್ನು ಮಾತ್ರ ಇಟ್ಟುಕೊಂಡದ್ದೇ ಕಾರಣ. ಲೆಕ್ಕದ ಉತ್ತರವನ್ನಿಟ್ಟುಕೊಂಡು ಲೆಕ್ಕಕ್ಕೆ ಕೊಟ್ಟ ಸಂಖ್ಯೆಗಳನ್ನು ಎಸೆಯಬಾರದೆಂಬುದು ದತ್ತಾಂಶ ವಿನ್ಯಾಸದ ಪ್ರಾಥಮಿಕ ಶಿಸ್ತು. ಸಮಯದ ವಿಷಯ ಬಂದಾಗ ಮಾತ್ರ ಆ ಶಿಸ್ತನ್ನು ನಾವು ಮರೆಯುತ್ತೇವೆ.

ಸರ್ಕಾರಗಳು ಏನನ್ನೂ ಬದಲಿಸದ ವರ್ಷಗಳಲ್ಲೂ ಸೂತ್ರ ಕೈಕೊಡುತ್ತದೆ. ಮತ್ತೆ ಮತ್ತೆ ನಡೆಯುವ ಕಾರ್ಯಕ್ರಮಗಳೇ ಇದಕ್ಕೆ ಸಾಕ್ಷಿ. ಬೆಂಗಳೂರಿನ ತಂಡವೂ ನ್ಯೂಯಾರ್ಕಿನ ತಂಡವೂ ಪ್ರತಿ ಸೋಮವಾರ ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತಕ್ಕೆ ಮಾತಾಡುತ್ತವೆ ಎನ್ನೋಣ. ಬೇಸಿಗೆಯಲ್ಲಿ ಅದು ಯುಟಿಸಿಯ ಹದಿಮೂರು ಗಂಟೆ, ಬೆಂಗಳೂರಿನ ಸಂಜೆ ಆರೂವರೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಅದೇ ಒಂಬತ್ತು ಯುಟಿಸಿಯ ಹದಿನಾಲ್ಕು, ಬೆಂಗಳೂರಿನ ಏಳೂವರೆ. ಈಗ ಸೂತ್ರದಂತೆ ‘ಪ್ರತಿ ಸೋಮವಾರ ಯುಟಿಸಿ ಹದಿಮೂರು’ ಎಂದು ಉಳಿಸಿದರೆ ನವೆಂಬರಿನಿಂದ ಸಭೆ ನ್ಯೂಯಾರ್ಕಿನವರಿಗೆ ಎಂಟು ಗಂಟೆಗೆ ಸರಿಯುತ್ತದೆ, ಬೆಂಗಳೂರಿನವರಿಗೆ ಆರೂವರೆಯಲ್ಲೇ ನಿಲ್ಲುತ್ತದೆ. ಇದರ ಅರ್ಥವನ್ನು ನಿಧಾನವಾಗಿ ನೋಡಬೇಕು. ಯುಟಿಸಿ ಎಲ್ಲ ದೇಶಗಳಿಗೂ ಸಮನಾದ ತಟಸ್ಥ ನೆಲೆ ಎಂಬುದು ಸೂತ್ರದ ಹಿಂದಿನ ನಂಬಿಕೆ. ಮರುಕಳಿಸುವ ಕಾರ್ಯಕ್ರಮಗಳ ಮಟ್ಟಿಗೆ ಯುಟಿಸಿ ತಟಸ್ಥವಲ್ಲ. ಬೇಸಿಗೆ ಸಮಯವಿಲ್ಲದ ದೇಶಗಳ ಪರವಾಗಿ ಅದು ಸದ್ದಿಲ್ಲದೆ ತೀರ್ಪು ಕೊಡುತ್ತದೆ. ಭಾರತ ಅಂಥ ದೇಶ. ಹೀಗಾಗಿ ಬೆಂಗಳೂರಿನಲ್ಲಿ ಕೂತು ಬರೆದು, ಬೆಂಗಳೂರಿನ ಗಡಿಯಾರದಿಂದ ಪರೀಕ್ಷಿಸಿದ ಕೋಡಿನಲ್ಲಿ ಈ ತಪ್ಪು ವರ್ಷವಿಡೀ ಕಾಣಿಸುವುದೇ ಇಲ್ಲ. ನಮ್ಮ ಪ್ರೋಗ್ರಾಮರುಗಳಲ್ಲಿ ಸೂತ್ರ ಇಷ್ಟು ಗಟ್ಟಿಯಾಗಿ ಬೇರೂರಲು ಇದೂ ಒಂದು ಕಾರಣ: ಅದರ ಸೋಲು ಸದಾ ಬೇರೆಯವರ ಊರಿನಲ್ಲಿ ನಡೆಯುತ್ತದೆ. ಜೊತೆಗೆ ಅಮೆರಿಕ ಮಾರ್ಚಿನ ಎರಡನೆಯ ಭಾನುವಾರ ಗಡಿಯಾರ ತಿರುಗಿಸಿದರೆ, ಯುರೋಪು ಮಾರ್ಚಿನ ಕೊನೆಯ ಭಾನುವಾರ ತಿರುಗಿಸುತ್ತದೆ. ನಡುವಿನ ಎರಡು ಮೂರು ವಾರ ನ್ಯೂಯಾರ್ಕ್ ಮತ್ತು ಲಂಡನ್ನಿನ ಅಂತರ ಐದು ಗಂಟೆಯ ಬದಲು ನಾಲ್ಕು ಗಂಟೆ. ಸಭೆ ಯಾರ ಗಡಿಯಾರಕ್ಕೆ ಕಟ್ಟಿದ್ದೆಂದು ಬರೆದಿಡದಿದ್ದರೆ ಆ ವಾರಗಳಲ್ಲಿ ಯಾವ ಲೆಕ್ಕವೂ ನಮ್ಮನ್ನು ಕಾಪಾಡದು.

ದಿನಾಂಕಗಳಿಗೆ ಬಂದರೆ ಸೂತ್ರ ಇನ್ನಷ್ಟು ದೂರ ಜಾರುತ್ತದೆ. ಹುಟ್ಟಿದ ದಿನ, ವಿಮೆಯ ಅವಧಿ ಮುಗಿಯುವ ದಿನ, ರಜೆಯ ದಿನ ಇವು ಕ್ಷಣಗಳಲ್ಲ. ಪಂಚಾಂಗದ ಒಂದು ಚೌಕ ಮಾತ್ರ. ಇವನ್ನು ಹಳೆಯ ಡೇಟ್ ವರ್ಗಕ್ಕೆ ತುರುಕಿದರೆ ಆ ದಿನದ ಮಧ್ಯರಾತ್ರಿ ಎಂಬ ಕ್ಷಣವನ್ನು ಕಲ್ಪಿಸಿಕೊಳ್ಳಬೇಕಾಗುತ್ತದೆ. ಬೆಂಗಳೂರಿನಲ್ಲಿ ದಾಖಲಿಸಿದ ಆಗಸ್ಟ್ 15 ಯುಟಿಸಿಯಲ್ಲಿ ಆಗಸ್ಟ್ 14ರ ಸಂಜೆ ಆರೂವರೆಯಾಗುತ್ತದೆ. ಅದನ್ನು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ತೆರೆದವರಿಗೆ ಹುಟ್ಟಿದ ದಿನ ಹದಿನಾಲ್ಕು ಎಂದು ಕಾಣುತ್ತದೆ. ನಾವು ಭಾರತದೊಳಗಷ್ಟೇ ಕೆಲಸ ಮಾಡುತ್ತೇವೆ, ನಮಗೆ ಈ ತೊಂದರೆಯಿಲ್ಲ ಎನ್ನುವವರು ಇತಿಹಾಸವನ್ನು ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರ ಯುಟಿಸಿಗಿಂತ ಆರೂವರೆ ಗಂಟೆ ಮುಂದಿತ್ತು. ಏಷ್ಯಾ/ಕೋಲ್ಕತಾ ಎಂಬ ಕಾಲವಲಯದ ದತ್ತಾಂಶ ಇದನ್ನು ನೆನಪಿಟ್ಟುಕೊಂಡಿದೆ. 1944ರ ಜೂನ್ 10ರಂದು ಹುಟ್ಟಿದ ಹಿರಿಯರೊಬ್ಬರ ದಿನಾಂಕವನ್ನು ಒಂದು ವ್ಯವಸ್ಥೆ ಈ ಕಾಲವಲಯದ ಮಧ್ಯರಾತ್ರಿಯೆಂದು ಯುಟಿಸಿಗೆ ಬದಲಿಸಿ ಕಳುಹಿಸಿ, ಇನ್ನೊಂದು ವ್ಯವಸ್ಥೆ ಅದಕ್ಕೆ ಬರಿದೇ ಐದೂವರೆ ಗಂಟೆ ಕೂಡಿಸಿ ಓದಿದರೆ ಸಿಗುವುದು ಜೂನ್ 9ರ ರಾತ್ರಿ ಹನ್ನೊಂದು. ಹುಟ್ಟಿದ ದಿನವೇ ಒಂದು ದಿನ ಹಿಂದೆ ಸರಿಯಿತು. ಇನ್ನು ಮಧ್ಯರಾತ್ರಿಯಾದರೂ ಎಲ್ಲ ದಿನವೂ ಇದೆಯೇ ಎಂದರೆ ಅದೂ ಇಲ್ಲ. ಬ್ರೆಜಿಲಿನ ಸಾವೊ ಪಾವ್ಲೊದಲ್ಲಿ 2018ರ ನವೆಂಬರ್ 4ರಂದು ಬೇಸಿಗೆ ಸಮಯ ಸರಿಯಾಗಿ ಮಧ್ಯರಾತ್ರಿಗೆ ಆರಂಭವಾದ್ದರಿಂದ ಆ ದಿನ ಶುರುವಾದದ್ದೇ ಒಂದು ಗಂಟೆಗೆ. ದಿನದ ಆರಂಭವೆಂದರೆ ಸೊನ್ನೆ ಗಂಟೆ ಎಂದು ಬರೆದ ಕೋಡು ಅಲ್ಲಿ ಎಡವುತ್ತದೆ. ಲೋಕಲ್‌ಡೇಟ್ ವರ್ಗದ ಅಟ್‌ಸ್ಟಾರ್ಟ್‌ಆಫ್‌ಡೇ ವಿಧಾನಕ್ಕೆ ಕಾಲವಲಯ ಕೊಟ್ಟು ಕೇಳಿದರೆ ಒಂದು ಗಂಟೆ ಎಂಬ ಸರಿಯುತ್ತರ ಬರುತ್ತದೆ. ಸಮೋವಾ ದೇಶದಲ್ಲಂತೂ 2011ರ ಡಿಸೆಂಬರ್ 30 ಎಂಬ ದಿನವೇ ಬರಲಿಲ್ಲ.

ಸೂತ್ರದ ಈ ಕೊರತೆಯನ್ನು ಒಪ್ಪಿದ ಮೇಲೂ ಕೆಲವರು ಅರ್ಧದಾರಿಯಲ್ಲಿ ನಿಲ್ಲುತ್ತಾರೆ: ಸಮಯದ ಜೊತೆಗೆ ಆಫ್‌ಸೆಟ್ಟನ್ನೂ (ಯುಟಿಸಿಗಿಂತ ಎಷ್ಟು ಹಿಂದೆ ಅಥವಾ ಮುಂದೆ ಎಂಬುದನ್ನೂ) ಬರೆದಿಟ್ಟರೆ ಸಾಕಲ್ಲ ಎನ್ನುತ್ತಾರೆ. ಸಾಲದು. ಯುಟಿಸಿಗಿಂತ ಐದು ಗಂಟೆ ಹಿಂದೆ ಎಂಬುದು ನ್ಯೂಯಾರ್ಕಿನ ನಿಯಮವಲ್ಲ, ಒಂದು ದಿನ ಆ ನಿಯಮ ಕೊಟ್ಟ ಉತ್ತರ. ಅದೇ ಉತ್ತರವನ್ನು ಚಳಿಗಾಲದಲ್ಲಿ ನ್ಯೂಯಾರ್ಕ್ ಕೊಡುತ್ತದೆ, ವರ್ಷವಿಡೀ ಪನಾಮಾ ಕೊಡುತ್ತದೆ. ಆಫ್‌ಸೆಟ್ಟನ್ನು ಮಾತ್ರ ನೋಡಿ ಇದು ಯಾವ ಊರೆಂದು ಹೇಳಲಾಗದು, ಮುಂದಿನ ತಿಂಗಳು ಅದು ಏನಾಗುತ್ತದೆಂದೂ ಹೇಳಲಾಗದು. ಮೂರಕ್ಷರದ ಸಂಕ್ಷಿಪ್ತ ಹೆಸರುಗಳು ಇನ್ನೂ ಕೆಟ್ಟವು. ಐಎಸ್‌ಟಿ ಎಂದರೆ ನಮಗೆ ಭಾರತದ ಸಮಯ. ಇಸ್ರೇಲಿನವರಿಗೂ ಐರ್ಲೆಂಡಿನವರಿಗೂ ಅದೇ ಮೂರು ಅಕ್ಷರ ಅವರವರ ಸಮಯ. ಡೇಟಾಬೇಸುಗಳಲ್ಲಿ ಅಂಕಣದ ಹೆಸರೂ ದಾರಿ ತಪ್ಪಿಸುತ್ತದೆ: ಪೋಸ್ಟ್‌ಗ್ರೆಸ್‌ನ ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್’ ಕಾಲವಲಯವನ್ನು ಉಳಿಸುವುದೇ ಇಲ್ಲ, ಕೊಟ್ಟದ್ದನ್ನು ಯುಟಿಸಿಗೆ ಬದಲಿಸಿ ಕ್ಷಣವನ್ನಷ್ಟೇ ಇಟ್ಟುಕೊಳ್ಳುತ್ತದೆ. ಆ ಹೆಸರನ್ನು ನಂಬಿ ಕಾಲವಲಯ ಸುರಕ್ಷಿತವಾಗಿದೆ ಎಂದುಕೊಂಡವರ ಕೈಗೆ ಬೇಕಾದಾಗ ಅದು ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸ್ಟೀಫನ್ ಕೋಲ್‌ಬೋರ್ನ್ ಅವರು ಜೋಡಾ-ಟೈಮ್ ಗ್ರಂಥಾಲಯದಿಂದ ಕಲಿತ ಪಾಠಗಳನ್ನು ಹೊತ್ತು ಮುನ್ನಡೆಸಿದ, 2014ರಲ್ಲಿ ಜಾವಾ 8ರೊಂದಿಗೆ ಬಂದ ಜಾವಾ.ಟೈಮ್ ಪ್ಯಾಕೇಜು ಉತ್ತರವನ್ನು ತನ್ನ ರಚನೆಯಲ್ಲೇ ಇಟ್ಟುಕೊಂಡಿದೆ. ಅದರಲ್ಲಿ ಇಷ್ಟೊಂದು ವರ್ಗಗಳೇಕೆ ಎಂದು ದೂರುವವರು ಪ್ರತಿ ವರ್ಗವೂ ಜಗತ್ತಿನ ಒಂದು ನಿಜವಾದ ವ್ಯತ್ಯಾಸಕ್ಕೆ ಪ್ರತಿನಿಧಿ ಎಂಬುದನ್ನು ಗಮನಿಸಿಲ್ಲ. ನನ್ನ ವಿಂಗಡಣೆ ಹೀಗಿದೆ:

1. ಆಗಿಹೋದ ಘಟನೆ, ಅಥವಾ ಗಡಿಯಾರವನ್ನು ಲೆಕ್ಕಿಸದೆ ನಡೆಯುವ ಭೌತಿಕ ಸಂಗತಿ: ಪಾವತಿ, ದೋಷದ ದಾಖಲೆ, ಹದಿನೈದು ನಿಮಿಷದಲ್ಲಿ ಅಳಿಯುವ ಟೋಕನ್, ಗ್ರಹಣ. ಇವಕ್ಕೆ ಇನ್‌ಸ್ಟಂಟ್ ವರ್ಗ. ಇಲ್ಲಿ ಯುಟಿಸಿ ಸೂತ್ರ ಪೂರ್ತಿ ಸರಿ.

2. ಒಂದು ಊರಿನ ಗಡಿಯಾರಕ್ಕೆ ಕಟ್ಟಿದ ಮುಂದಿನ ಒಪ್ಪಂದ: ಭೇಟಿ, ತರಗತಿ, ಅಂಗಡಿ ತೆರೆಯುವ ಹೊತ್ತು, ಪ್ರತಿ ವಾರದ ಸಭೆ. ಇವಕ್ಕೆ ಲೋಕಲ್‌ಡೇಟ್‌ಟೈಮ್ ಮತ್ತು ಅಮೆರಿಕಾ/ನ್ಯೂಯಾರ್ಕ್ ರೀತಿಯ ಝೋನ್‌ಐಡಿ, ಎರಡೂ ಬೇರೆ ಬೇರೆ ಅಂಕಣಗಳಲ್ಲಿ. ಕ್ಷಣವನ್ನು ಇವುಗಳಿಂದ ಲೆಕ್ಕ ಹಾಕಿ ಪಡೆಯಬೇಕು, ಇವುಗಳ ಬದಲಿಗೆ ಇಡಬಾರದು.

3. ಗಂಟೆಯೇ ಇಲ್ಲದ ದಿನಾಂಕ: ಲೋಕಲ್‌ಡೇಟ್. ಇದು ಎಂದೂ ಕಾಲವಲಯದ ಗಾಣಕ್ಕೆ ಸಿಕ್ಕಬಾರದು. ಡೇಟಾಬೇಸಿನಲ್ಲೂ ದಿನಾಂಕದ ಅಂಕಣದಲ್ಲೇ ಇರಬೇಕು.

ಅವಧಿಯಲ್ಲೂ ಇದೇ ಭೇದವಿದೆ. ನ್ಯೂಯಾರ್ಕಿನ 2024ರ ಮಾರ್ಚ್ 9ರ ಬೆಳಿಗ್ಗೆ ಒಂಬತ್ತಕ್ಕೆ ಪೀರಿಯಡ್ ಲೆಕ್ಕದಲ್ಲಿ ಒಂದು ದಿನ ಕೂಡಿಸಿದರೆ ಮರುದಿನದ ಒಂಬತ್ತು ಸಿಗುತ್ತದೆ, ನಡುವೆ ಕಳೆಯುವುದು ಇಪ್ಪತ್ತಮೂರೇ ಗಂಟೆ. ಡ್ಯುರೇಶನ್ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಗಂಟೆ ಕೂಡಿಸಿದರೆ ಹತ್ತು ಗಂಟೆ ಸಿಗುತ್ತದೆ. ಪ್ರತಿದಿನ ಬೆಳಿಗ್ಗೆ ಎಬ್ಬಿಸುವ ಅಲಾರಾಂಗೆ ಮೊದಲನೆಯದು ಬೇಕು. ಎಂಟು ಗಂಟೆಗೊಮ್ಮೆ ಕೊಡಬೇಕಾದ ಔಷಧಿಗೆ ಎರಡನೆಯದು. ಯಾವುದು ಬೇಕೆಂದು ಹೇಳಬೇಕಾದದ್ದು ವಿಷಯ ಬಲ್ಲ ಮನುಷ್ಯ. ಗ್ರಂಥಾಲಯ ಎರಡನ್ನೂ ಮುಂದಿಟ್ಟು ಕಾಯುತ್ತದೆ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ನಾಲ್ಕು ಉತ್ತರಕ್ಕೆ ಅರ್ಹವಾದವು. ಮೊದಲನೆಯದು, ಕಾನೂನು ಬದಲಾಗುವುದು ಅಪರೂಪ, ಅಷ್ಟಕ್ಕಾಗಿ ಎರಡು ಅಂಕಣವೇಕೆ ಎಂಬುದು. ಒಂದು ದೇಶಕ್ಕೆ ಅಪರೂಪವಾದದ್ದು ಜಗತ್ತಿಗೆ ಅಪರೂಪವಲ್ಲ. ಕಾಲವಲಯ ದತ್ತಸಂಚಯದ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ. ಅಮೆರಿಕವೇ 2005ರ ಇಂಧನ ನೀತಿ ಕಾಯ್ದೆಯ ಮೂಲಕ 2007ರಿಂದ ಬೇಸಿಗೆ ಸಮಯವನ್ನು ಹಿಗ್ಗಿಸಿದಾಗ, ಕ್ಯಾಲೆಂಡರುಗಳಲ್ಲಿ ಆಗಲೇ ಬರೆದಿದ್ದ ಭೇಟಿಗಳನ್ನು ಸರಿಪಡಿಸಲು ಪ್ರತ್ಯೇಕ ಸಾಧನಗಳನ್ನೇ ಹಂಚಬೇಕಾಯಿತು. ಯುರೋಪಿನ ಸಂಸತ್ತು 2019ರಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯನ್ನು ಕೈಬಿಡುವ ಪರವಾಗಿ ಮತ ಹಾಕಿದೆ. ಅಮೆರಿಕದ ಸೆನೆಟ್ 2022ರಲ್ಲಿ ಬೇಸಿಗೆ ಸಮಯವನ್ನು ಕಾಯಂ ಮಾಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಎರಡೂ ಜಾರಿಗೆ ಬಂದಿಲ್ಲ, ಆದರೆ ಅಪಾರ ಬಳಕೆದಾರರಿರುವ ಎರಡು ಪ್ರದೇಶಗಳ ನಿಯಮ ಚರ್ಚೆಯಲ್ಲಿದೆ ಎಂಬುದು ಸ್ಪಷ್ಟ. ಅಲ್ಲದೆ ಮರುಕಳಿಸುವ ಸಭೆಯ ಸಮಸ್ಯೆಗೆ ಕಾನೂನು ಬದಲಾಗಲೇಬೇಕಿಲ್ಲ. ಅದು ವರ್ಷಕ್ಕೆರಡು ಬಾರಿ ತಪ್ಪದೆ ಬರುತ್ತದೆ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು: ಮುಂದಿನ ಒಂದು ಗಂಟೆಯಲ್ಲಿರುವ ಎಲ್ಲ ಭೇಟಿಗಳನ್ನು ಹುಡುಕಿ ನೆನಪೋಲೆ ಕಳುಹಿಸಬೇಕಾದರೆ ಡೇಟಾಬೇಸಿಗೆ ಹೋಲಿಸಬಲ್ಲ ಒಂದೇ ಅಳತೆಗೋಲು ಬೇಕು, ಸ್ಥಳೀಯ ಸಮಯಗಳನ್ನು ಹಾಗೆ ಸಾಲಾಗಿ ನಿಲ್ಲಿಸಲಾಗದು. ನಿಜ. ಯುಟಿಸಿ ಕ್ಷಣವನ್ನೂ ಒಂದು ಅಂಕಣದಲ್ಲಿಡಿ, ಅದರ ಮೇಲೆ ಸೂಚಿಯನ್ನೂ ಕಟ್ಟಿ. ಆದರೆ ಅದನ್ನು ಮೂಲವೆಂದು ಗಣಿಸದೆ, ಯಾವಾಗ ಬೇಕಾದರೂ ಅಳಿಸಿ ಮತ್ತೆ ಲೆಕ್ಕ ಹಾಕಬಹುದಾದ ಉಪಫಲವೆಂದು ಗಣಿಸಿ. ಕಾಲವಲಯ ದತ್ತಾಂಶ ನವೀಕರಣವಾದಾಗಲೆಲ್ಲ ಮುಂದಿನ ದಿನಗಳ ಸಾಲುಗಳನ್ನು ಮರುಲೆಕ್ಕಿಸುವ ಕೆಲಸವೊಂದನ್ನು ಓಡಿಸಿ. ಇದು ಸಾಧ್ಯವಾಗುವುದು ಮೂಲ ಮಾತು ಉಳಿದಿದ್ದರೆ ಮಾತ್ರ. ಇಲ್ಲಿ ಜಾವಾದ ಒಂದು ಗುಣ ನೆನಪಿರಲಿ: ಜಾವಾದ ಅಭಿವೃದ್ಧಿ ಕಿಟ್ಟಾದ ಜೆಡಿಕೆ ತನ್ನದೇ ಕಾಲವಲಯ ದತ್ತಾಂಶವನ್ನು ಹೊತ್ತು ಬರುತ್ತದೆ. ಆಪರೇಟಿಂಗ್ ಸಿಸ್ಟಮ್ ನವೀಕರಣಗೊಂಡ ಮಾತ್ರಕ್ಕೆ ಜಾವಾ ನವೀಕರಣಗೊಳ್ಳುತ್ತದೆ ಎನ್ನುವಂತಿಲ್ಲ. ಹೊಸ ಜೆಡಿಕೆ ಬೇಕು, ಇಲ್ಲವೇ ಅದಕ್ಕೆಂದೇ ಇರುವ ನವೀಕರಣ ಸಾಧನ ಬಳಸಬೇಕು. ಒಂದೇ ವ್ಯವಸ್ಥೆಯ ಡೇಟಾಬೇಸು, ಜಾವಾ, ಬ್ರೌಸರು ಮೂರೂ ಮೂರು ಆವೃತ್ತಿಯ ನಿಯಮಗಳನ್ನು ಹಿಡಿದಿರಬಹುದು.

ಮೂರನೆಯದು, ಸ್ಥಳೀಯ ಸಮಯದಲ್ಲಿ ದ್ವಂದ್ವವಿದೆಯಲ್ಲ, ಎರಡು ಸಲ ಬರುವ ಒಂದೂವರೆ ಗಂಟೆಯನ್ನು ಹೇಗೆ ಗುರುತಿಸುತ್ತೀರಿ ಎಂಬುದು. ಅಂಥ ಹೊತ್ತಿಗೆ ಭೇಟಿ ಗೊತ್ತುಮಾಡುವುದು ವಿರಳ. ಮಾಡಿದರೆ ಬಳಕೆದಾರರನ್ನೇ ಕೇಳಿ, ಆಯ್ದ ಆಫ್‌ಸೆಟ್ಟನ್ನು ದ್ವಂದ್ವ ಬಿಡಿಸುವ ಗುರುತಾಗಿ ಪಕ್ಕದಲ್ಲಿಡಬಹುದು. ಯುಟಿಸಿಗೆ ಬದಲಿಸಿದರೆ ದ್ವಂದ್ವ ಬಗೆಹರಿಯುವುದಿಲ್ಲ, ಕಣ್ಮರೆಯಾಗುತ್ತದೆ ಅಷ್ಟೆ. ಈ ಆಕ್ಷೇಪಣೆ ಇನ್ನೊಂದು ತುದಿಯ ತಪ್ಪನ್ನು ಮಾತ್ರ ಸರಿಯಾಗಿ ತಡೆಯುತ್ತದೆ: ಎಲ್ಲವನ್ನೂ ಸ್ಥಳೀಯ ಸಮಯದಲ್ಲಿಡೋಣ ಎಂಬ ಅತಿರೇಕ. ಆಗಿಹೋದ ವ್ಯವಹಾರವನ್ನು ಲೋಕಲ್‌ಡೇಟ್‌ಟೈಮ್‌ನಲ್ಲಿ ಬರೆದಿಟ್ಟವರು ನವೆಂಬರಿನ ಆ ಒಂದು ಗಂಟೆಯ ಕ್ರಮವನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಾರೆ. ಒಂದು ಸೂತ್ರವನ್ನು ಕೆಳಗಿಳಿಸಿ ಇನ್ನೊಂದನ್ನು ಕೂರಿಸುವುದು ನನ್ನ ಉದ್ದೇಶವಲ್ಲ.

ನಾಲ್ಕನೆಯದು, ಇಷ್ಟು ಸೂಕ್ಷ್ಮ ಭೇದಗಳು ಸಾಮಾನ್ಯ ಪ್ರೋಗ್ರಾಮರಿಗೆ ಹೊರೆ; ಒಂದು ಸರಳ ನಿಯಮವಿದ್ದರೆ ಕೆಲವು ಕಡೆ ತಪ್ಪಿದರೂ ಒಟ್ಟಾರೆ ಕ್ಷೇಮ ಎಂಬುದು. ಈ ಭೇದ ತಂತ್ರಜ್ಞರು ಹುಟ್ಟಿಸಿದ್ದಲ್ಲ. ತಿಥಿ ಮುಗಿಯುವ ಗಳಿಗೆ ಇಡೀ ಜಗತ್ತಿಗೆ ಒಂದೇ ಕ್ಷಣ; ಆದರೆ ಯುಗಾದಿ ಎಂದು ಎಂಬುದನ್ನು ತೀರ್ಮಾನಿಸುವುದು ಸೂರ್ಯೋದಯಕ್ಕಿರುವ ತಿಥಿ, ಸೂರ್ಯೋದಯ ಊರಿಗೊಂದು. ಆದ್ದರಿಂದಲೇ ಅಮೆರಿಕದಲ್ಲಿರುವ ಕನ್ನಡಿಗರಿಗೆ ಅಲ್ಲಿನ ಊರಿಗೆ ಗುಣಿಸಿದ ಪಂಚಾಂಗ ಬೇಕಾಗುತ್ತದೆ, ಕೆಲವು ಹಬ್ಬಗಳು ಅಲ್ಲಿ ಒಂದು ದಿನ ಮೊದಲೇ ಬೀಳುತ್ತವೆ. ಪಂಚಾಂಗಕರ್ತರು ಕ್ಷಣವನ್ನೂ ಸ್ಥಳದ ಹೊತ್ತನ್ನೂ ದಿನವನ್ನೂ ಬೇರೆ ಬೇರೆಯಾಗಿಯೇ ಹಿಡಿದು ಲೆಕ್ಕ ಮಾಡುತ್ತಾರೆ. ಸಾಮಾನ್ಯ ಜನರಿಗೂ ಅರ್ಥವಾಗುವ ಈ ಭೇದವನ್ನು ವೃತ್ತಿಯಿಂದಲೇ ಖಚಿತತೆಗೆ ಬದ್ಧರಾದವರು ಹೊರೆ ಎನ್ನಲಾಗದು. ಕ್ಯಾಲೆಂಡರುಗಳ ವಿನಿಮಯಕ್ಕಾಗಿ 2009ರಲ್ಲಿ ಬಂದ ಆರ್‌ಎಫ್‌ಸಿ 5545 ಎಂಬ ಮಾನದಂಡ ಕೂಡ ಮರುಕಳಿಸುವ ಕಾರ್ಯಕ್ರಮವನ್ನು ಸ್ಥಳೀಯ ಸಮಯ ಮತ್ತು ಕಾಲವಲಯದ ಹೆಸರಿನೊಂದಿಗೇ ಬರೆಯಬೇಕೆಂದು ಹೇಳುತ್ತದೆ. ಅಂದರೆ ಸೂತ್ರವನ್ನು ದಿನವೂ ಜಪಿಸುವವರ ಕೈಯಲ್ಲಿರುವ ಕ್ಯಾಲೆಂಡರೇ ಅದನ್ನು ಪಾಲಿಸುತ್ತಿಲ್ಲ.

ಸೂತ್ರದ ಜಾಗದಲ್ಲಿ ಒಂದು ಪ್ರಶ್ನೆಯನ್ನಿಡಬೇಕೆಂದು ನಾನು ಹೇಳುತ್ತೇನೆ. ಸಮಯದ ಪ್ರತಿ ಅಂಕಣದ ಮುಂದೆ ನಿಂತು ಕೇಳಿ: ಆ ಊರಿನ ಸರ್ಕಾರ ನಾಳೆ ಗಡಿಯಾರ ಬದಲಿಸಿದರೆ ಇಲ್ಲಿ ಯಾವುದು ಕದಲದೆ ನಿಲ್ಲಬೇಕು? ಕ್ಷಣವೇ ನಿಲ್ಲಬೇಕೆಂದರೆ ಇನ್‌ಸ್ಟಂಟ್. ಗಡಿಯಾರದ ಮುಳ್ಳು ನಿಲ್ಲಬೇಕೆಂದರೆ ಸ್ಥಳೀಯ ಸಮಯ ಮತ್ತು ಕಾಲವಲಯದ ಹೆಸರು. ಎರಡೂ ಅಲ್ಲ, ದಿನ ಮಾತ್ರ ಎಂದರೆ ಲೋಕಲ್‌ಡೇಟ್. ಸಭೆಯಲ್ಲಿ ಎರಡು ಊರುಗಳಿದ್ದರೆ ಯಾರ ಮುಳ್ಳು ಎಂಬ ಎರಡನೆಯ ಪ್ರಶ್ನೆಯನ್ನೂ ಕೇಳಿ. ಅದಕ್ಕೆ ಉತ್ತರಿಸುವ ಹಕ್ಕು ಪ್ರೋಗ್ರಾಮರಿಗಿಲ್ಲ, ಸಭೆ ಕರೆದವರಿಗಿದೆ. ಪರೀಕ್ಷೆಗಳನ್ನು ಬರೆಯುವಾಗ ಯಂತ್ರದ ಕಾಲವಲಯವನ್ನು ನೆಚ್ಚದೆ, ಕ್ಲಾಕ್ ವಸ್ತುವನ್ನು ಹೊರಗಿನಿಂದ ಕೊಟ್ಟು, ನ್ಯೂಯಾರ್ಕಿನ ಮಾರ್ಚ್ ಮತ್ತು ನವೆಂಬರ್ ಭಾನುವಾರಗಳನ್ನೂ, ಅರ್ಧ ಗಂಟೆಯಷ್ಟೇ ಸರಿಯುವ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪವನ್ನೂ ಪರೀಕ್ಷೆಯೊಳಗೆ ತನ್ನಿ. ಬೇಸಿಗೆ ಸಮಯವಿಲ್ಲದ ದೇಶದಲ್ಲಿ ಕೂತು ಜಗತ್ತಿಗೆಲ್ಲ ತಂತ್ರಾಂಶ ಬರೆಯುವ ನಮಗೆ ಈ ಹೊಣೆ ಹೆಚ್ಚು, ಏಕೆಂದರೆ ತಪ್ಪಾದಾಗ ನಮ್ಮ ಗಡಿಯಾರ ನಮ್ಮನ್ನು ಎಚ್ಚರಿಸುವುದಿಲ್ಲ. ಬಳಕೆದಾರರು ಹತ್ತು ಗಂಟೆ ಎಂದು ಬರೆದಾಗ ಅವರು ಒಂದು ಮಾತು ಕೊಡುತ್ತಿರುತ್ತಾರೆ ಅಥವಾ ಪಡೆಯುತ್ತಿರುತ್ತಾರೆ. ಆ ಮಾತನ್ನು ಅವರು ಆಡಿದ ರೂಪದಲ್ಲೇ ಉಳಿಸಿಕೊಳ್ಳುವುದು ನಮ್ಮ ಕರ್ತವ್ಯ. ಅದನ್ನು ನಮಗೆ ಅನುಕೂಲವಾದ ಸಂಖ್ಯೆಯನ್ನಾಗಿ ಬದಲಿಸಿ ಮೂಲವನ್ನು ಎಸೆಯುವ ಅಧಿಕಾರವನ್ನು ಯಾರೂ ನಮಗೆ ಕೊಟ್ಟಿಲ್ಲ.